ರಿಲೇ ಕೊಟ್ಟ ಮೇಷ್ಟ್ರು: ಜೋಸೆಫ್ ಹೆನ್ರಿ



ನಿಮ್ಮ ಊರಿನ ಹೊಲಗದ್ದೆಗಳಲ್ಲಿ ಪಂಪ್‌ಸೆಟ್ ನೋಡಿಯೇ ಇರುತ್ತೀರಿ. ಪಂಪ್‌ಮನೆಯ ಗೋಡೆಗೆ ಒಂದು ಸ್ಟಾರ್ಟರ್ ಡಬ್ಬಿ ಜೋಡಿಸಿರುತ್ತಾರೆ. ಹಸಿರು ಗುಂಡಿ ಒತ್ತಿದರೆ ಒಳಗೆ ಟಕ್ಕೆಂದು ಸದ್ದಾಗಿ ಮೋಟಾರು ತಿರುಗತೊಡಗುತ್ತದೆ. ಬೆರಳು ತೆಗೆದರೂ ಮೋಟಾರು ನಿಲ್ಲುವುದಿಲ್ಲ. ಆದರೆ ಕರೆಂಟು ಹೋದ ಕೂಡಲೇ ಮತ್ತೆ ಟಕ್ಕೆನ್ನುತ್ತದೆ. ಆಮೇಲೆ ಕರೆಂಟು ಬಂದರೂ ಮೋಟಾರು ತಾನಾಗಿ ತಿರುಗುವುದಿಲ್ಲ, ಯಾರಾದರೂ ಹೋಗಿ ಮತ್ತೆ ಗುಂಡಿ ಒತ್ತಬೇಕು. ಆಟೋ ಸ್ಟಾರ್ಟರ್ ಹಾಕಿಸಿದ್ದರೆ ಮಾತ್ರ ಆ ಕೆಲಸ ತಪ್ಪುತ್ತದೆ. ಹಾಗಾದರೆ ನಮ್ಮ ಬೆರಳು ತೆಗೆದ ಮೇಲೆ ಸ್ವಿಚ್ಚನ್ನು ಹಿಡಿದುಕೊಂಡಿದ್ದವರು ಯಾರು? ಕರೆಂಟು ಹೋದಾಗ ಬಿಟ್ಟವರು ಯಾರು?

ಆ ಡಬ್ಬಿಯೊಳಗೆ ತಾಮ್ರದ ತಂತಿ ಸುತ್ತಿದ ಒಂದು ಸುರುಳಿ ಇದೆ. ಸುರುಳಿಯ ನಡುವೆ ಕಬ್ಬಿಣವಿದೆ. ಸುರುಳಿಯಲ್ಲಿ ವಿದ್ಯುತ್ ಹರಿಯುವಷ್ಟು ಹೊತ್ತು ಆ ಕಬ್ಬಿಣ ಅಯಸ್ಕಾಂತವಾಗಿರುತ್ತದೆ. ಮೋಟಾರಿಗೆ ವಿದ್ಯುತ್ ಕೊಡುವ ಲೋಹದ ಪಟ್ಟಿಗಳನ್ನು ಅದು ಎಳೆದು ಹಿಡಿದಿರುತ್ತದೆ. ವಿದ್ಯುತ್ ನಿಂತರೆ ಅದರ ಕಾಂತಶಕ್ತಿಯೂ ಹೋಗುತ್ತದೆ. ಆಗ ಸ್ಪ್ರಿಂಗ್ ಪಟ್ಟಿಗಳನ್ನು ಹಿಂದಕ್ಕೆ ತಳ್ಳಿಬಿಡುತ್ತದೆ. ಹೀಗೆ ಕೈಯಿಂದಲ್ಲದೆ ವಿದ್ಯುತ್ತಿನಿಂದಲೇ ಕೆಲಸ ಮಾಡುವ ಸ್ವಿಚ್ಚನ್ನು ವಿದ್ಯುತ್ಕಾಂತೀಯ ಸ್ವಿಚ್ ಎನ್ನುತ್ತೇವೆ. ಇದರ ಚಿಕ್ಕ, ಸೂಕ್ಷ್ಮ ರೂಪವೇ ರಿಲೇ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ಹಳ್ಳಿಗಳಿಗೆ ವಿದ್ಯುತ್ತು ಸಬ್‌ಸ್ಟೇಷನ್‌ಗಳ ಮೂಲಕ ಬರುತ್ತದೆ. ಯಾವ ಸಬ್‌ಸ್ಟೇಷನ್‌ಗೆ ಹೋದರೂ ರಿಲೇಗಳು ಕಾವಲು ಕೂತಿರುತ್ತವೆ. ಅವುಗಳಲ್ಲಿ ಒಂದು ಬಗೆಯದು ಬಹಳ ಜಾಣ. ಕರೆಂಟು ಇದೆಯೋ ಇಲ್ಲವೋ ಎಂದಷ್ಟೇ ಅದು ನೋಡುವುದಿಲ್ಲ. ಕರೆಂಟು ಒಂದು ಸೆಕೆಂಡಿಗೆ ಎಷ್ಟು ಸಲ ಹಿಂದೆ ಮುಂದೆ ಆಡುತ್ತಿದೆ ಎಂಬುದನ್ನೂ ಗಮನಿಸುತ್ತದೆ. ಅದರ ಬಗ್ಗೆ ಆಮೇಲೆ ಹೇಳುತ್ತೇನೆ. ಮೊದಲು ಈ ರಿಲೇಯನ್ನು ನಮಗೆ ಕೊಟ್ಟವರ ಬದುಕನ್ನು ತಿಳಿಯೋಣ. ಅವರು ಶ್ರೀಮಂತರಲ್ಲ, ಕಾರ್ಖಾನೆಯ ಒಡೆಯರೂ ಅಲ್ಲ. ಶಾಲೆಯಲ್ಲಿ ಲೆಕ್ಕ ಮತ್ತು ವಿಜ್ಞಾನ ಕಲಿಸುತ್ತಿದ್ದ ಮೇಷ್ಟ್ರು. ಹೆಸರು ಜೋಸೆಫ್ ಹೆನ್ರಿ.

ಅಂಗಡಿಯ ಹುಡುಗ

ಜೋಸೆಫ್ ಹುಟ್ಟಿದ್ದು 1797ರ ಡಿಸೆಂಬರ್ 17ರಂದು, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆಲ್ಬನಿ ಎಂಬ ಊರಿನಲ್ಲಿ. ತಂದೆ ಕೂಲಿ ಮಾಡುತ್ತಿದ್ದವರು. ಮನೆಯಲ್ಲಿ ಕಷ್ಟವಿತ್ತು. ಹುಡುಗನನ್ನು ಚಿಕ್ಕಂದಿನಲ್ಲೇ ಗಾಲ್ವೆ ಎಂಬ ಹಳ್ಳಿಯಲ್ಲಿದ್ದ ಅಜ್ಜಿಯ ಮನೆಗೆ ಕಳಿಸಿದರು. ಅವನು ಹಳ್ಳಿಯ ಶಾಲೆಗೆ ಹೋಗುತ್ತಿದ್ದ. ಹತ್ತು ವರ್ಷವಾಗುವ ಹೊತ್ತಿಗೆ ಅಲ್ಲಿನ ಅಂಗಡಿಯೊಂದರಲ್ಲಿ ಕೆಲಸಕ್ಕೂ ಸೇರಿದ. ಅರ್ಧ ದಿನ ಅಂಗಡಿ, ಅರ್ಧ ದಿನ ಶಾಲೆ.

ಸ್ವಲ್ಪ ಕಾಲದಲ್ಲೇ ತಂದೆ ತೀರಿಕೊಂಡರು. ಜೋಸೆಫ್ ತಾಯಿಯ ಬಳಿಗೆ, ಆಲ್ಬನಿಗೆ ಮರಳಿದ. ಅಲ್ಲಿ ಗಡಿಯಾರ ರಿಪೇರಿ ಮತ್ತು ಬೆಳ್ಳಿ ಕೆಲಸ ಮಾಡುವವರ ಬಳಿ ಕೆಲಸ ಕಲಿಯಲು ಸೇರಿದ. ಗಡಿಯಾರದ ಕೆಲಸದಲ್ಲಿ ಅವನಿಗೆ ಅಷ್ಟು ಆಸಕ್ತಿ ಇರಲಿಲ್ಲ. ಅವನ ಮನಸ್ಸೆಲ್ಲ ನಾಟಕದ ಮೇಲಿತ್ತು. ನಟನಾಗಬೇಕೆಂದು ಕನಸು ಕಾಣುತ್ತಿದ್ದ. ಆದರೆ ಚಿಕ್ಕ ಚಕ್ರ, ಸ್ಪ್ರಿಂಗ್, ತಿರುಪುಗಳನ್ನು ಬಿಚ್ಚಿ ಜೋಡಿಸುವ ಕೈಚಳಕ ಅಲ್ಲಿ ಬಂತು. ಮುಂದೆ ಪ್ರಯೋಗಗಳಿಗೆ ಆ ಕೈಚಳಕವೇ ನೆರವಾಯಿತು.

ಹದಿನಾರನೆಯ ವಯಸ್ಸಿನಲ್ಲಿ ಒಂದು ಸಣ್ಣ ಘಟನೆ ನಡೆಯಿತು. ಜೋಸೆಫ್ ಕಾಯಿಲೆಯಾಗಿ ಮನೆಯಲ್ಲೇ ಇರಬೇಕಾಯಿತು. ಅವರ ಮನೆಯಲ್ಲಿ ಬಾಡಿಗೆಗಿದ್ದವರ ಪುಸ್ತಕವೊಂದು ಅವನ ಕೈಗೆ ಸಿಕ್ಕಿತು. ಅದು ಜನಸಾಮಾನ್ಯರಿಗಾಗಿ ಬರೆದ ವಿಜ್ಞಾನದ ಪುಸ್ತಕ. ಮೇಲಕ್ಕೆ ಎಸೆದ ಕಲ್ಲು ಕೆಳಕ್ಕೇ ಏಕೆ ಬರುತ್ತದೆ, ಹೊಗೆ ಮೇಲಕ್ಕೇ ಏಕೆ ಹೋಗುತ್ತದೆ ಎಂಬಂಥ ದಿನನಿತ್ಯದ ಪ್ರಶ್ನೆಗಳು ಅದರಲ್ಲಿದ್ದವು. ತಾನು ದಿನವೂ ಕಾಣುವ ಸಂಗತಿಗಳ ಹಿಂದೆ ಕಾರಣಗಳಿವೆ ಎಂಬುದು ಹುಡುಗನಿಗೆ ಹೊಳೆಯಿತು. ನಾಟಕದ ಹುಚ್ಚು ಬಿಟ್ಟು ಓದಲು ನಿರ್ಧರಿಸಿದ. ಪುಸ್ತಕದ ಒಡೆಯರು ಅವನ ಆಸೆ ಕಂಡು ಅದನ್ನು ಅವನಿಗೇ ಕೊಟ್ಟುಬಿಟ್ಟರು. ಹೆನ್ರಿ ಆ ಪುಸ್ತಕವನ್ನು ಕೊನೆಯವರೆಗೂ ಜೋಪಾನವಾಗಿ ಇಟ್ಟುಕೊಂಡಿದ್ದರು.

1819ರಲ್ಲಿ ಅವರು ಆಲ್ಬನಿ ಅಕಾಡೆಮಿ ಎಂಬ ಶಾಲೆ ಸೇರಿದರು. ಆಗ ಅವರಿಗೆ 21 ವರ್ಷ. ಜೊತೆಯಲ್ಲಿ ಕುಳಿತ ಮಕ್ಕಳು ಅವರಿಗಿಂತ ಎಷ್ಟೋ ಚಿಕ್ಕವರು. ಹೆನ್ರಿ ನಾಚಿಕೊಳ್ಳಲಿಲ್ಲ. ಖರ್ಚಿಗಾಗಿ ಹಳ್ಳಿಯ ಮಕ್ಕಳಿಗೂ ಶ್ರೀಮಂತರ ಮನೆಯ ಮಕ್ಕಳಿಗೂ ಪಾಠ ಹೇಳುತ್ತ ತಾವು ಕಲಿತರು. 1826ರಲ್ಲಿ ಅದೇ ಅಕಾಡೆಮಿಯಲ್ಲಿ ಗಣಿತ ಮತ್ತು ವಿಜ್ಞಾನದ ಅಧ್ಯಾಪಕರಾದರು.

ರಜೆಯಲ್ಲಿ ಪ್ರಯೋಗ

ಅಧ್ಯಾಪಕರಿಗೆ ದಿನವಿಡೀ ಪಾಠ. ಪ್ರಯೋಗ ಮಾಡಲು ಪ್ರತ್ಯೇಕ ಕೋಣೆ ಇಲ್ಲ, ಹಣವೂ ಇಲ್ಲ. ಆಗಸ್ಟ್ ತಿಂಗಳಲ್ಲಿ ಶಾಲೆಗೆ ರಜೆ ಬಂದಾಗ ದೊಡ್ಡ ಹಾಲ್ ಖಾಲಿ ಸಿಗುತ್ತಿತ್ತು. ಹೆನ್ರಿಯವರ ಮುಖ್ಯ ಪ್ರಯೋಗಗಳು ನಡೆದದ್ದು ಆ ಒಂದು ತಿಂಗಳಲ್ಲಿ. ಶಾಲೆ ತೆರೆಯುವ ಹೊತ್ತಿಗೆ ತಂತಿ, ಬ್ಯಾಟರಿಗಳನ್ನೆಲ್ಲ ಎತ್ತಿಡಬೇಕಿತ್ತು.

ಆಗ ವಿದ್ಯುತ್ ಮತ್ತು ಕಾಂತದ ಸಂಬಂಧ ಹೊಸ ವಿಷಯ. ಡೆನ್ಮಾರ್ಕಿನ ಅರ್ಸ್ಟೆಡ್ 1820ರಲ್ಲಿ ಒಂದು ಸಂಗತಿ ಕಂಡಿದ್ದರು. ವಿದ್ಯುತ್ ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ವಾಲುತ್ತದೆ! ಇಂಗ್ಲೆಂಡಿನ ಸ್ಟರ್ಜನ್ 1825ರಲ್ಲಿ ಲಾಳದ ಆಕಾರದ ಕಬ್ಬಿಣಕ್ಕೆ ತಂತಿ ಸುತ್ತಿ ವಿದ್ಯುತ್ಕಾಂತ ಮಾಡಿದರು. ಅದು ಸುಮಾರು 4 ಕೆ.ಜಿ. ಭಾರ ಎತ್ತಿತು. ಆದರೆ ಅವರು ಬಳಸಿದ್ದು ಹೊದಿಕೆ ಇಲ್ಲದ ಬರಿ ತಂತಿ. ಒಂದು ಸುತ್ತು ಇನ್ನೊಂದು ಸುತ್ತಿಗೆ ತಾಗಿದರೆ ವಿದ್ಯುತ್ತು ಅಡ್ಡದಾರಿ ಹಿಡಿಯುತ್ತದೆ. ಆದ್ದರಿಂದ ಸುತ್ತುಗಳನ್ನು ದೂರ ದೂರ ಇಡಬೇಕಿತ್ತು. ಹೆಚ್ಚು ಸುತ್ತು ಹಾಕಲು ಜಾಗವೇ ಇರುತ್ತಿರಲಿಲ್ಲ.

ಹೆನ್ರಿ ಇದಕ್ಕೆ ಸುಲಭದ ಉಪಾಯ ಹುಡುಕಿದರು. ಕಬ್ಬಿಣಕ್ಕೆ ಹೊದಿಕೆ ಹಾಕುವ ಬದಲು ತಂತಿಗೇ ರೇಷ್ಮೆ ಸುತ್ತಿದರು. ರೇಷ್ಮೆಯಲ್ಲಿ ವಿದ್ಯುತ್ ಹರಿಯುವುದಿಲ್ಲ. ಈಗ ತಂತಿಯ ಸುತ್ತುಗಳನ್ನು ಒಂದಕ್ಕೊಂದು ಅಂಟಿಸಿ, ಒಂದರ ಮೇಲೊಂದು ಪದರವಾಗಿ ಎಷ್ಟು ಬೇಕಾದರೂ ಸುತ್ತಬಹುದು. ತಂತಿಗೆ ರೇಷ್ಮೆ ಸುತ್ತುವುದು ಬೇಸರದ ಕೆಲಸ. ನೂರಾರು ಅಡಿ ತಂತಿಗೆ ಅದನ್ನು ಕೈಯಾರೆ ಸುತ್ತಬೇಕಾಗಿತ್ತು. ಆದರೆ ಫಲ ದೊಡ್ಡದಾಗಿತ್ತು. 1831ರಲ್ಲಿ ಯೇಲ್ ಕಾಲೇಜಿಗಾಗಿ ಅವರು ಮಾಡಿಕೊಟ್ಟ ವಿದ್ಯುತ್ಕಾಂತ 900 ಕೆ.ಜಿ.ಗೂ ಹೆಚ್ಚು ಭಾರ ಎತ್ತಿ ಹಿಡಿಯಿತು. 50 ಕೆ.ಜಿ.ಯ 18 ಸಿಮೆಂಟ್ ಮೂಟೆಗಳನ್ನು ನೆನೆಸಿಕೊಳ್ಳಿ, ಅಷ್ಟು ಭಾರ! ಬ್ಯಾಟರಿಯ ತಂತಿ ಬಿಡಿಸಿದರೆ ಆ ಭಾರವೆಲ್ಲ ಧೊಪ್ಪನೆ ಬೀಳುತ್ತಿತ್ತು.

ಇಂದಿಗೂ ಮೋಟಾರು, ಫ್ಯಾನು, ಟ್ರಾನ್ಸ್‌ಫಾರ್ಮರುಗಳ ಸುರುಳಿಯ ತಂತಿಗೆ ಹೊದಿಕೆ ಇರುತ್ತದೆ. ರೇಷ್ಮೆಯ ಬದಲು ವಾರ್ನಿಷ್‌ನಂಥ ಲೇಪ ಬಂದಿದೆ, ಅಷ್ಟೆ.

ದೂರದ ಗಂಟೆ, ಹತ್ತಿರದ ಭಾರ

ಅದೇ ಕಾಲದಲ್ಲಿ ಹೆನ್ರಿ ಇನ್ನೊಂದು ಪ್ರಯೋಗ ಮಾಡಿದರು. ಶಾಲೆಯ ಕೋಣೆಯ ಗೋಡೆಗಳ ಸುತ್ತ ಒಂದು ಮೈಲಿಗೂ ಹೆಚ್ಚು, ಎಂದರೆ 1.6 ಕಿ.ಮೀ.ಗೂ ಉದ್ದದ ತಂತಿ ಸುತ್ತಿದರು. ಒಂದು ತುದಿಗೆ ಬ್ಯಾಟರಿ, ಇನ್ನೊಂದು ತುದಿಗೆ ವಿದ್ಯುತ್ಕಾಂತ. ವಿದ್ಯುತ್ಕಾಂತದ ಬಳಿ ತಿರುಗುವ ಒಂದು ಕಾಂತದ ಕಡ್ಡಿ, ಅದರ ಪಕ್ಕದಲ್ಲಿ ಗಂಟೆ. ಬ್ಯಾಟರಿ ಜೋಡಿಸಿದಾಗ ಕಡ್ಡಿ ತಿರುಗಿ ಗಂಟೆಗೆ ಬಡಿಯಿತು. ಉದ್ದ ತಂತಿಯ ಕೊನೆಯಲ್ಲೂ ವಿದ್ಯುತ್ ಕೆಲಸ ಮಾಡಬೇಕಾದರೆ ಬ್ಯಾಟರಿಯ ಕೋಶಗಳನ್ನು ಸಾಲಾಗಿ ಜೋಡಿಸಬೇಕು, ವಿದ್ಯುತ್ಕಾಂತಕ್ಕೆ ಬಹಳ ಸುತ್ತು ಹಾಕಬೇಕು ಎಂಬುದನ್ನು ಅವರು ಕಂಡುಕೊಂಡರು.

1832ರಲ್ಲಿ ಹೆನ್ರಿ ಪ್ರಿನ್ಸ್‌ಟನ್ನಿನ ಕಾಲೇಜಿಗೆ ಪ್ರಾಧ್ಯಾಪಕರಾಗಿ ಹೋದರು. ಅಲ್ಲಿ ಪ್ರಯೋಗಶಾಲೆಯಿಂದ ಮನೆಯವರೆಗೆ ತಂತಿ ಎಳೆದು, ಹೆಂಡತಿ ಹ್ಯಾರಿಯೆಟ್ ಅವರಿಗೆ ಸಂದೇಶ ಕಳಿಸುತ್ತಿದ್ದರು. 1835ರ ಸುಮಾರಿಗೆ ಅಲ್ಲಿಯೇ ರಿಲೇ ರೂಪುಗೊಂಡಿತು.

ಅವರ ಮುಂದಿದ್ದ ತೊಡಕು ಇದು. ತಂತಿ ಉದ್ದವಾದಷ್ಟೂ ವಿದ್ಯುತ್ತು ಕ್ಷೀಣವಾಗುತ್ತದೆ. ದೂರದ ತುದಿಗೆ ತಲುಪುವ ವಿದ್ಯುತ್ತು ಒಂದು ಸಣ್ಣ ಕಡ್ಡಿಯನ್ನು ಅಲುಗಾಡಿಸಬಲ್ಲದೇ ಹೊರತು ದೊಡ್ಡ ಭಾರವನ್ನು ಎತ್ತಲಾರದು. ಹೆನ್ರಿ ಯೋಚಿಸಿದರು. ದೂರದಿಂದ ಬಂದ ಬಡ ವಿದ್ಯುತ್ತಿಗೆ ಭಾರ ಎತ್ತುವ ಕೆಲಸ ಏಕೆ ಕೊಡಬೇಕು? ಅದು ಒಂದು ಸ್ವಿಚ್ಚನ್ನು ಹಾಕಿದರೆ ಸಾಕು. ಭಾರ ಎತ್ತಲು ಅದೇ ತುದಿಯಲ್ಲಿ ಬೇರೊಂದು ಬಲವಾದ ಬ್ಯಾಟರಿ ಇರಲಿ. ಹಾಗೆಯೇ ಮಾಡಿದರು. ಸಣ್ಣ ವಿದ್ಯುತ್ಕಾಂತ ಕಡ್ಡಿಯನ್ನು ಎಳೆದಾಗ ದೊಡ್ಡ ವಿದ್ಯುತ್ಕಾಂತದ ಮಂಡಲ ಕಡಿಯಿತು, ಅದು ಹಿಡಿದಿದ್ದ ಭಾರ ಕೆಳಕ್ಕೆ ಬಿತ್ತು.

ರಿಲೇ ಓಟ ನಿಮಗೆ ಗೊತ್ತು. ಒಬ್ಬರೇ ಪೂರ್ತಿ ದೂರ ಓಡುವುದಿಲ್ಲ. ದಣಿದವರು ಕೋಲನ್ನು ಮುಂದಿನವರ ಕೈಗೆ ಕೊಡುತ್ತಾರೆ. ಹಿಂದಿನ ಕಾಲದ ಅಂಚೆ ಓಟಗಾರರೂ ಹೀಗೆಯೇ ಚೀಲವನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುತ್ತಿದ್ದರು. ವಿದ್ಯುತ್ತಿನ ರಿಲೇಯಲ್ಲೂ ದಣಿದ ವಿದ್ಯುತ್ತು ಹೊಸ ವಿದ್ಯುತ್ತಿಗೆ ಕೆಲಸ ಒಪ್ಪಿಸುತ್ತದೆ. ಸಣ್ಣದು ಆಜ್ಞೆ ಕೊಡುತ್ತದೆ, ದೊಡ್ಡದು ದುಡಿಯುತ್ತದೆ. ಇದೇ ರಿಲೇಯ ಗುಟ್ಟು.

ಸುರುಳಿ ಹೂಡುವ ಹಟ

ಹೆನ್ರಿಯವರ ಇನ್ನೊಂದು ಶೋಧದ ಕತೆಯಲ್ಲಿ ಸ್ವಲ್ಪ ನೋವಿದೆ. ಕಾಂತದ ಬಲ ಬದಲಾದರೆ ಪಕ್ಕದ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ ಎಂಬುದನ್ನು ಅವರು ಸ್ವತಂತ್ರವಾಗಿ ಕಂಡುಕೊಂಡಿದ್ದರು. ನಾವು ಇದನ್ನು ವಿದ್ಯುತ್ಕಾಂತೀಯ ಪ್ರೇರಣೆ ಎನ್ನುತ್ತೇವೆ. ಶಾಲೆಯ ಕೆಲಸದ ನಡುವೆ ಪ್ರಯೋಗ ಮುಗಿಸಿ ಬರೆದು ಕಳಿಸಲು ತಡವಾಯಿತು. ಅಷ್ಟರಲ್ಲಿ ಇಂಗ್ಲೆಂಡಿನ ಮೈಕೇಲ್ ಫ್ಯಾರಡೆ 1831ರಲ್ಲಿ ಅದನ್ನೇ ಕಂಡು ಪ್ರಕಟಿಸಿದರು. ಮೊದಲು ಪ್ರಕಟಿಸಿದವರಿಗೆ ಕೀರ್ತಿ ಸಲ್ಲುವುದು ವಿಜ್ಞಾನದ ನಿಯಮ. ಹೆನ್ರಿ ಜಗಳಕ್ಕೆ ಹೋಗಲಿಲ್ಲ. 1837ರಲ್ಲಿ ಲಂಡನ್ನಿಗೆ ಹೋದಾಗ ಫ್ಯಾರಡೆಯವರನ್ನು ಸ್ನೇಹದಿಂದಲೇ ಕಂಡರು.

ಆದರೆ 1832ರಲ್ಲಿ ಹೆನ್ರಿ ಬರೆದ ಲೇಖನದಲ್ಲಿ ಫ್ಯಾರಡೆ ಆಗ ಹೇಳಿರದ ಒಂದು ಮಾತಿತ್ತು. ಉದ್ದದ ಸುರುಳಿಯಿಂದ ಬ್ಯಾಟರಿಯನ್ನು ಬಿಡಿಸುವಾಗ ತಂತಿಯ ತುದಿಯಲ್ಲಿ ಚಟ್ಟೆಂದು ಕಿಡಿ ಹಾರುವುದನ್ನು ಅವರು ಗಮನಿಸಿದ್ದರು. ಚಿಕ್ಕ ತಂತಿಯಲ್ಲಿ ಇಂಥ ಕಿಡಿ ಕಾಣುತ್ತಿರಲಿಲ್ಲ. ಹರಿಯುತ್ತಿರುವ ವಿದ್ಯುತ್ತನ್ನು ನಿಲ್ಲಿಸಹೋದರೆ ಸುರುಳಿ ಅದನ್ನು ಮುಂದುವರಿಸಲು ಹಟ ಹಿಡಿಯುತ್ತದೆ. ನಿಂತ ವಿದ್ಯುತ್ತನ್ನು ಹರಿಸಹೋದರೆ ಅದನ್ನೂ ತಡೆಯುತ್ತದೆ. ವಿದ್ಯುತ್ತಿನ ಬದಲಾವಣೆ ಎಂದರೆ ಸುರುಳಿಗೆ ಆಗದು! ಈ ಗುಣಕ್ಕೆ ಸ್ವಪ್ರೇರಣೆ ಎಂದು ಹೆಸರು.

ರಾಗಿ ಮೂಟೆ ಹೇರಿದ ತಳ್ಳುಗಾಡಿಯನ್ನು ನೆನೆಸಿಕೊಳ್ಳಿ. ಅದನ್ನು ನಿಧಾನವಾಗಿ ಮುಂದೆ ತಳ್ಳಿ, ನಿಧಾನವಾಗಿ ಹಿಂದೆ ಎಳೆದರೆ ಅದು ಒಂದೊಂದು ಮಾರು ಚಲಿಸುತ್ತದೆ. ಅಷ್ಟೇ ಬಲ ಹಾಕಿ ಬೇಗ ಬೇಗ ಹಿಂದೆ ಮುಂದೆ ಮಾಡಿದರೆ? ಗಾಡಿ ಇದ್ದಲ್ಲೇ ಅದುರುತ್ತದೆ, ಅಷ್ಟೆ. ಸುರುಳಿಯೂ ಹೀಗೆಯೇ. ದಿಕ್ಕು ನಿಧಾನವಾಗಿ ಬದಲಿಸುವ ವಿದ್ಯುತ್ತನ್ನು ಹೆಚ್ಚು ಹರಿಯಲು ಬಿಡುತ್ತದೆ, ಬೇಗ ಬೇಗ ಬದಲಿಸುವ ವಿದ್ಯುತ್ತನ್ನು ಕಡಿಮೆ ಹರಿಯಲು ಬಿಡುತ್ತದೆ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಪೇಟೆಂಟ್ ಬೇಡವೆಂದವರು

ಸ್ಯಾಮ್ಯುಯೆಲ್ ಮೋರ್ಸ್ ಚಿತ್ರಕಾರರಾಗಿದ್ದವರು. ಅವರಿಗೆ ತಂತಿಯ ಮೂಲಕ ಸುದ್ದಿ ಕಳಿಸುವ ಆಸೆ. ಆದರೆ ಅವರ ಮೊದಲ ಸಾಧನ ಕೆಲವೇ ಅಡಿ ದೂರದವರೆಗೆ ಕೆಲಸ ಮಾಡುತ್ತಿತ್ತು. ಹೆನ್ರಿಯವರ ಲೇಖನ ಓದಿದ್ದ ಗೇಲ್ ಎಂಬ ಪ್ರಾಧ್ಯಾಪಕರು ದಾರಿ ತೋರಿಸಿದ ಮೇಲೆ ದೂರ ಹೆಚ್ಚಿತು. ಮೋರ್ಸ್ ಕೇಳಿದಾಗ ಹೆನ್ರಿಯೂ ಸಲಹೆ ಕೊಟ್ಟರು. 1844ರಲ್ಲಿ ವಾಷಿಂಗ್ಟನ್‌ನಿಂದ ಬಾಲ್ಟಿಮೋರ್‌ವರೆಗೆ ಸುಮಾರು 60 ಕಿ.ಮೀ. ದೂರ ಮೋರ್ಸರ ಟೆಲಿಗ್ರಾಫ್ ಸಂದೇಶ ಹೋಯಿತು. ಪೇಟೆಂಟ್ ಪಡೆದಿದ್ದ ಮೋರ್ಸ್ ಶ್ರೀಮಂತರಾದರು.

ಹೆನ್ರಿ ವಿದ್ಯುತ್ಕಾಂತಕ್ಕಾಗಲಿ, ರಿಲೇಗಾಗಲಿ ಪೇಟೆಂಟ್ ಪಡೆಯಲಿಲ್ಲ. ವಿಜ್ಞಾನದಿಂದ ಸಿಕ್ಕ ತಿಳಿವಳಿಕೆ ಎಲ್ಲರಿಗೂ ಸೇರಿದ್ದು ಎಂಬುದು ಅವರ ನಿಲುವು. ಮುಂದೆ ಟೆಲಿಗ್ರಾಫ್ ಪೇಟೆಂಟಿನ ಬಗ್ಗೆ ನ್ಯಾಯಾಲಯದಲ್ಲಿ ವ್ಯಾಜ್ಯ ನಡೆದಾಗ ಹೆನ್ರಿಯವರನ್ನು ಸಾಕ್ಷಿಗೆ ಕರೆದರು. ಅವರು ತಮಗೆ ಗೊತ್ತಿದ್ದ ನಿಜವನ್ನು ಹೇಳಿದರು. ಮೋರ್ಸ್ ಇದರಿಂದ ಸಿಟ್ಟಾಗಿ 1855ರಲ್ಲಿ ಹೆನ್ರಿಯವರ ವಿರುದ್ಧ ಬರೆದು ಪ್ರಕಟಿಸಿದರು. ಹಣದ ಆಸೆ ಇಲ್ಲದವರಿಗೂ ಈ ಆಪಾದನೆ ನೋವು ಕೊಟ್ಟಿತು. ಹೆನ್ರಿ ತಮ್ಮ ಸಂಸ್ಥೆಯನ್ನೇ ವಿಚಾರಣೆ ನಡೆಸುವಂತೆ ಕೇಳಿಕೊಂಡರು. ವಿಚಾರಣೆ ನಡೆಸಿದವರು ಹೆನ್ರಿಯವರ ಮಾತೇ ಸರಿ ಎಂದು ತೀರ್ಮಾನಿಸಿದರು.

ಆ ಸಂಸ್ಥೆ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್. 1846ರಲ್ಲಿ ಹೆನ್ರಿ ಅದರ ಮೊದಲ ಕಾರ್ಯದರ್ಶಿಯಾದರು. ಸ್ವಂತ ಪ್ರಯೋಗಗಳಿಗೆ ಸಮಯ ಕಡಿಮೆಯಾಯಿತು. ಅದರ ಬದಲು ಬೇರೆಯವರ ಸಂಶೋಧನೆಗೆ ನೆರವಾದರು. ದೇಶದ ಮೂಲೆ ಮೂಲೆಯಲ್ಲಿದ್ದ ಉತ್ಸಾಹಿಗಳಿಂದ ಮಳೆ, ಗಾಳಿ, ಚಳಿಯ ವಿವರ ತರಿಸಿಕೊಂಡರು. ಟೆಲಿಗ್ರಾಫ್ ಕಚೇರಿಗಳಿಂದ ಬೆಳಗ್ಗೆ ಬರುವ ಹವಾಮಾನದ ಸುದ್ದಿಯನ್ನು ಗೋಡೆಯ ಮೇಲಿನ ದೊಡ್ಡ ನಕ್ಷೆಯಲ್ಲಿ ಗುರುತಿಸಿ ಜನರಿಗೆ ತೋರಿಸಿದರು. ತಾವು ಬಿಟ್ಟುಕೊಟ್ಟ ಟೆಲಿಗ್ರಾಫ್ ಹೀಗೆ ಅವರದೇ ಕೆಲಸಕ್ಕೆ ಬಂತು! 1865ರಲ್ಲಿ ಸಂಸ್ಥೆಯ ಕಟ್ಟಡಕ್ಕೆ ಬೆಂಕಿ ಬಿದ್ದು ಅವರ ಕಾಗದಪತ್ರಗಳಲ್ಲಿ ಬಹುಪಾಲು ಸುಟ್ಟುಹೋದವು. ಆದರೂ ಎದೆಗುಂದಲಿಲ್ಲ. 1875ರಲ್ಲಿ ಟೆಲಿಫೋನಿನ ಯೋಚನೆ ಹೊತ್ತು ಬಂದ ಗ್ರಹಾಂ ಬೆಲ್ ಎಂಬ ತರುಣನಿಗೆ ಧೈರ್ಯ ತುಂಬಿ ಕಳಿಸಿದ್ದೂ ಇವರೇ.

1878ರ ಮೇ 13ರಂದು ಹೆನ್ರಿ ತೀರಿಕೊಂಡರು. 1893ರಲ್ಲಿ ಹಲವು ದೇಶಗಳ ವಿಜ್ಞಾನಿಗಳು ಸೇರಿ, ಸುರುಳಿಯ ಪ್ರೇರಣೆಯನ್ನು ಅಳೆಯುವ ಮಾನಕ್ಕೆ ಹೆನ್ರಿ ಎಂದೇ ಹೆಸರಿಟ್ಟರು.

ಸಬ್‌ಸ್ಟೇಷನ್ನಿನ ಕಾವಲುಗಾರ

ಈಗ ಆ ಜಾಣ ರಿಲೇಯ ಬಳಿಗೆ ಬರೋಣ. ಟಾರ್ಚಿನ ಶುಷ್ಕಕೋಶದಿಂದ ವಿದ್ಯುತ್ತು ಒಂದೇ ದಿಕ್ಕಿನಲ್ಲಿ ಹರಿಯುತ್ತದೆ. ಮನೆಗೆ ಬರುವ ವಿದ್ಯುತ್ತು ಹಾಗಲ್ಲ. ಅದು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಹರಿಯುತ್ತದೆ. ಹೀಗೆ ಹೋಗಿ ಬರುವುದು ಒಂದು ಸುತ್ತು. ಒಂದು ಸೆಕೆಂಡಿನಲ್ಲಿ ಎಷ್ಟು ಸುತ್ತು ಎಂಬುದೇ ಆವೃತ್ತಿ. ವಿದ್ಯುತ್ ಇಲಾಖೆಯವರು ಇದನ್ನು ಫ್ರೀಕ್ವೆನ್ಸಿ ಎನ್ನುತ್ತಾರೆ. ಇದನ್ನು ಅಳೆಯುವ ಮಾನ ಹರ್ಟ್ಸ್. ಭಾರತದಲ್ಲಿ ಇದು 50 ಹರ್ಟ್ಸ್.

ಮೊದಲಿನಿಂದಲೂ ಹೀಗಿರಲಿಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಶುರುವಾದ ಶಿವನಸಮುದ್ರದ ಜಲವಿದ್ಯುತ್ ಕೇಂದ್ರ 1902ರ ಜೂನ್ 30ರಂದು ಕೆಲಸ ಆರಂಭಿಸಿತು. ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ ಅದು ಕಳಿಸುತ್ತಿದ್ದ ವಿದ್ಯುತ್ತು 25 ಹರ್ಟ್ಸ್‌ನದು. ಆಮೇಲೆ ಅದೂ 50ಕ್ಕೆ ಬದಲಾಯಿತು. ಏಕೆಂದರೆ ಎರಡು ಬೇರೆ ಬೇರೆ ಆವೃತ್ತಿಯ ವಿದ್ಯುತ್ತನ್ನು ನೇರವಾಗಿ ಒಂದೇ ತಂತಿಗೆ ಸೇರಿಸಲಾಗದು. ಶರಾವತಿಯ ಜಲವಿದ್ಯುತ್ ಕೇಂದ್ರ, ರಾಯಚೂರಿನ ಕಲ್ಲಿದ್ದಲು ಕೇಂದ್ರ, ಕೈಗಾದ ಅಣು ವಿದ್ಯುತ್ ಕೇಂದ್ರ ಇವೆಲ್ಲ ಕೋಲಾಟದವರಂತೆ ಒಂದೇ ತಾಳಕ್ಕೆ ಹೆಜ್ಜೆ ಹಾಕಬೇಕು. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ ಮಾರ್ಗ ಜೋಡಣೆಯಾದ ಮೇಲೆ ದಕ್ಷಿಣ ಭಾರತವೂ ಉಳಿದ ಭಾರತವೂ ಒಂದೇ ತಾಳಕ್ಕೆ ಸೇರಿದವು.

ಈ ತಾಳ ತಪ್ಪುವುದು ಹೇಗೆ? ಏರು ಹತ್ತುವ ಎತ್ತಿನ ಗಾಡಿಗೆ ಇನ್ನೂ ನಾಲ್ಕು ಮೂಟೆ ಹೇರಿದರೆ ಎತ್ತುಗಳ ನಡಿಗೆ ನಿಧಾನವಾಗುತ್ತದೆ. ಹಾಗೆಯೇ ಉತ್ಪಾದಿಸುವುದಕ್ಕಿಂತ ಹೆಚ್ಚು ವಿದ್ಯುತ್ತನ್ನು ನಾವೆಲ್ಲ ಒಟ್ಟಿಗೆ ಎಳೆದರೆ ಕೇಂದ್ರಗಳ ಯಂತ್ರಗಳು ನಿಧಾನವಾಗುತ್ತವೆ. ಆಗ ಆವೃತ್ತಿ 50ಕ್ಕಿಂತ ಕೆಳಗಿಳಿಯುತ್ತದೆ. ತೀರಾ ಇಳಿದರೆ ಯಂತ್ರಗಳಿಗೆ ಹಾನಿಯಾಗುತ್ತದೆ. ಆದ್ದರಿಂದ ಅವು ತಮ್ಮನ್ನು ತಾವೇ ಬಿಡಿಸಿಕೊಳ್ಳುತ್ತವೆ. ಒಂದು ಬಿಡಿಸಿಕೊಂಡರೆ ಅದರ ಹೊರೆ ಉಳಿದವುಗಳ ಮೇಲೆ ಬೀಳುತ್ತದೆ. ಸಾಲಾಗಿ ನಿಲ್ಲಿಸಿದ ಸೈಕಲ್ಲುಗಳಲ್ಲಿ ಒಂದು ಬಿದ್ದರೆ ಏನಾಗುತ್ತದೆ? ಹಾಗೆ ಎಲ್ಲವೂ ಬೀಳುತ್ತವೆ. ನಾಡೆಲ್ಲ ಕತ್ತಲು.

ಇದನ್ನು ತಡೆಯುವುದೇ ಆವೃತ್ತಿ ರಿಲೇಯ ಕೆಲಸ. ಹಳೆಯ ಬಗೆಯ ಒಂದು ರಿಲೇ ಹೀಗಿರುತ್ತದೆ ಎಂದು ಕಲ್ಪಿಸಿಕೊಳ್ಳಿ. ಪುಟ್ಟ ತಕ್ಕಡಿಯೊಂದರ ಎರಡು ಕಡೆ ಎರಡು ವಿದ್ಯುತ್ಕಾಂತಗಳು. ಒಂದಕ್ಕೆ ವಿದ್ಯುತ್ತು ಸಾಧಾರಣ ರೋಧಕದ ಮೂಲಕ ಬರುತ್ತದೆ. ಆವೃತ್ತಿ ಬದಲಾದರೂ ಅದರ ಎಳೆತ ಅಷ್ಟಾಗಿ ಬದಲಾಗದು. ಇನ್ನೊಂದಕ್ಕೆ ವಿದ್ಯುತ್ತು ದೊಡ್ಡ ಸುರುಳಿಯೊಂದರ ಮೂಲಕ ಬರುತ್ತದೆ. ಆವೃತ್ತಿ 50 ಇದ್ದಾಗ ಎರಡರ ಎಳೆತವೂ ಸಮ. ಆವೃತ್ತಿ ಇಳಿದರೆ? ತಳ್ಳುಗಾಡಿಯನ್ನು ನೆನಪಿಸಿಕೊಳ್ಳಿ. ನಿಧಾನವಾದ ವಿದ್ಯುತ್ತನ್ನು ಸುರುಳಿ ಹೆಚ್ಚು ಹರಿಯಲು ಬಿಡುತ್ತದೆ. ಆ ಕಡೆಯ ವಿದ್ಯುತ್ಕಾಂತ ಗೆದ್ದು ತಕ್ಕಡಿ ವಾಲುತ್ತದೆ, ಸ್ವಿಚ್ ಬೀಳುತ್ತದೆ. ಅದರ ಆಜ್ಞೆಯಂತೆ ಸಬ್‌ಸ್ಟೇಷನ್ನಿನ ದೊಡ್ಡ ಬ್ರೇಕರ್ ತೆರೆದುಕೊಂಡು ಮೊದಲೇ ಗೊತ್ತುಮಾಡಿದ ಒಂದೆರಡು ಮಾರ್ಗಗಳ ವಿದ್ಯುತ್ ನಿಲ್ಲುತ್ತದೆ. ಗಾಡಿಯಿಂದ ಎರಡು ಮೂಟೆ ಇಳಿಸಿದಂತಾಯಿತು! ಯಂತ್ರಗಳು ಮತ್ತೆ ತಾಳಕ್ಕೆ ಬರುತ್ತವೆ.

ನೋಡಿದಿರಾ? ಸಣ್ಣ ವಿದ್ಯುತ್ತು ದೊಡ್ಡದಕ್ಕೆ ಆಜ್ಞೆ ಕೊಡುವುದು ಹೆನ್ರಿಯವರ 1835ರ ಉಪಾಯ. ಆವೃತ್ತಿಯನ್ನು ಗುರುತಿಸುವ ಸುರುಳಿಯ ಹಟ ಅವರ 1832ರ ಶೋಧ. ಎರಡೂ ಒಂದೇ ಡಬ್ಬಿಯಲ್ಲಿ ಸೇರಿವೆ. ಈಗಿನ ಹೊಸ ರಿಲೇಗಳಲ್ಲಿ ಆವೃತ್ತಿಯನ್ನು ಎಣಿಸುವ ಕೆಲಸ ಎಲೆಕ್ಟ್ರಾನಿಕ್ ಚಿಪ್‌ಗಳದು. ಆದರೂ ಕೊನೆಯಲ್ಲಿ ಬ್ರೇಕರ್ ಬಿಡಿಸುವುದು ಒಂದು ಸುರುಳಿ ಮತ್ತು ಕಬ್ಬಿಣವೇ.

2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದಲ್ಲಿ ಭಾರೀ ಕತ್ತಲು ಕವಿಯಿತು. ಎರಡನೆಯ ದಿನ ಪೂರ್ವ, ಈಶಾನ್ಯ ಭಾರತವೂ ಸೇರಿ 60 ಕೋಟಿಗೂ ಹೆಚ್ಚು ಜನರಿರುವ ಪ್ರದೇಶಕ್ಕೆ ವಿದ್ಯುತ್ ಇಲ್ಲವಾಯಿತು. ರೈಲುಗಳು ನಡುದಾರಿಯಲ್ಲಿ ನಿಂತವು. ಒಂದು ಮಾರ್ಗದ ಮೇಲೆ ಹೊರೆ ಹೆಚ್ಚಾಗಿ ಅದು ಕಡಿದುಕೊಂಡದ್ದರಿಂದ ಇದು ಶುರುವಾಯಿತು. ಆಮೇಲೆ ಆವೃತ್ತಿ ಕುಸಿದಾಗ ಹೊರೆ ಇಳಿಸಬೇಕಿದ್ದ ರಿಲೇಗಳಿಂದ ಸಾಕಷ್ಟು ಹೊರೆ ಇಳಿಯಲಿಲ್ಲ. ವಿಚಾರಣೆ ಮಾಡಿದ ಸಮಿತಿ ಈ ರಿಲೇಗಳನ್ನು ಸುಸ್ಥಿತಿಯಲ್ಲಿ ಇಡಲೇಬೇಕೆಂದು ಎಲ್ಲ ರಾಜ್ಯಗಳಿಗೂ ಹೇಳಿತು. ಅಂಗೈಯಗಲದ ಕಾವಲುಗಾರ ನಿದ್ದೆ ಮಾಡಿದರೆ ಎಷ್ಟು ದೊಡ್ಡ ಕತ್ತಲು, ನೋಡಿ! ಆಗ ದಕ್ಷಿಣ ಭಾರತ ಬೇರೆ ತಾಳದಲ್ಲಿತ್ತು, ನಮಗೆ ತೊಂದರೆಯಾಗಲಿಲ್ಲ. ಈಗ ನಾವೆಲ್ಲ ಒಂದೇ ತಾಳದವರು. ಆದ್ದರಿಂದ ನಮ್ಮ ಸಬ್‌ಸ್ಟೇಷನ್ನಿನ ರಿಲೇ ದೂರದ ದೆಹಲಿಯನ್ನೂ ಕಾಯುತ್ತದೆ, ಅಲ್ಲಿನದು ನಮ್ಮನ್ನೂ ಕಾಯುತ್ತದೆ.

ಮಾಡಿ ನೋಡಿ

ಬೇಕಾದವು: 10 ಸೆಂ.ಮೀ. ಉದ್ದದ ಕಬ್ಬಿಣದ ಮೊಳೆ, ಲೇಪವಿರುವ ಮೋಟಾರ್ ವೈಂಡಿಂಗ್ ತಂತಿ, ಮೂರು ಶುಷ್ಕಕೋಶ, ಟಾರ್ಚ್ ಬಲ್ಬು, ಗುಂಡುಸೂಜಿಗಳು, ಹಳೆಯ ಡಬ್ಬಿಯ ತೆಳು ತಗಡಿನ ಪಟ್ಟಿ (ಶಿಕ್ಷಕರೇ ಕತ್ತರಿಸಿ ಕೊಡಲಿ), ಮರದ ಹಲಗೆ.

1. ಮೊಳೆಗೆ 20 ಸುತ್ತು ತಂತಿ ಸುತ್ತಿ. ತಂತಿಯ ಎರಡು ತುದಿಗಳ ಲೇಪವನ್ನು ಉಜ್ಜಿ ತೆಗೆದು ಒಂದು ಕೋಶಕ್ಕೆ ಜೋಡಿಸಿ. ಎಷ್ಟು ಗುಂಡುಸೂಜಿ ಎತ್ತುತ್ತದೆ, ಎಣಿಸಿ. ಈಗ 100 ಸುತ್ತು ಹಾಕಿ ಮತ್ತೆ ಎಣಿಸಿ. ಸುರುಳಿ ಬಿಸಿಯಾಗುವ ಮುನ್ನ ತಂತಿ ಬಿಡಿಸಿ.

2. ಮೊಳೆಯನ್ನು ಹಲಗೆಗೆ ನೆಟ್ಟಗೆ ಹೊಡೆಯಿರಿ. ತಗಡಿನ ಪಟ್ಟಿಯ ಒಂದು ತುದಿಯನ್ನು ಎತ್ತರದ ಮರದ ತುಂಡಿಗೆ ಬಿಗಿಯಿರಿ. ಇನ್ನೊಂದು ತುದಿ ಮೊಳೆಯ ತಲೆಯಿಂದ 1–2 ಮಿ.ಮೀ. ಮೇಲೆ ನಿಲ್ಲಲಿ. ಮೂರನೆಯ ಕೋಶ ಮತ್ತು ಬಲ್ಬಿನ ಮಂಡಲದ ಒಂದು ತಂತಿಯನ್ನು ಮೊಳೆಗೂ ಇನ್ನೊಂದನ್ನು ಪಟ್ಟಿಗೂ ಜೋಡಿಸಿ. ಮೊಳೆಯ ಸುರುಳಿಗೆ ಉಳಿದ ಎರಡು ಕೋಶಗಳಿಂದ ವಿದ್ಯುತ್ ಕೊಡಿ. ಪಟ್ಟಿ ಬಾಗಿ ಮೊಳೆಗೆ ತಾಗುತ್ತದೆ, ಬಲ್ಬು ಉರಿಯುತ್ತದೆ. ಇದೇ ನಿಮ್ಮ ರಿಲೇ! ಬಲ್ಬು ಉರಿಯದಿದ್ದರೆ ಅಂತರ ಕಡಿಮೆ ಮಾಡಿ, ಪಟ್ಟಿ ಮತ್ತು ಮೊಳೆ ತಾಗುವ ಜಾಗವನ್ನು ಉಜ್ಜಿ ಹೊಳಪು ಮಾಡಿ.

ಎಚ್ಚರಿಕೆ: ಈ ಪ್ರಯೋಗಗಳಿಗೆ ಶುಷ್ಕಕೋಶ ಮಾತ್ರ ಬಳಸಿ. ಗೋಡೆಯ ಪ್ಲಗ್ಗಿನ ವಿದ್ಯುತ್ತನ್ನು ಎಂದಿಗೂ ಮುಟ್ಟಬೇಡಿ. ಸಬ್‌ಸ್ಟೇಷನ್, ಟ್ರಾನ್ಸ್‌ಫಾರ್ಮರ್ ಬೇಲಿಯ ಒಳಗೆ ಹೋಗಬೇಡಿ. ಸ್ಟಾರ್ಟರ್ ಡಬ್ಬಿಯನ್ನು ನೀವಾಗಿ ಬಿಚ್ಚಬೇಡಿ.

ಯೋಚಿಸಿ

1. ವಿದ್ಯುತ್ಕಾಂತಕ್ಕೆ ಮೆದು ಕಬ್ಬಿಣದ ಬದಲು ಉಕ್ಕು ಬಳಸಿದರೆ ರಿಲೇ ಚೆನ್ನಾಗಿ ಕೆಲಸ ಮಾಡುವುದೇ? ವಿದ್ಯುತ್ ನಿಂತ ಮೇಲೂ ಕಾಂತಶಕ್ತಿ ಉಳಿದರೆ ಏನಾಗುತ್ತದೆ?

2. ರಾತ್ರಿ ಎಲ್ಲರೂ ಒಟ್ಟಿಗೆ ಪಂಪು, ದೀಪ ಆರಿಸಿಬಿಟ್ಟರೆ ಆವೃತ್ತಿ ಏರುವುದೇ, ಇಳಿಯುವುದೇ? ಎತ್ತಿನ ಗಾಡಿಯ ಉದಾಹರಣೆಯಿಂದ ವಿವರಿಸಿ.

3. ನಿಮ್ಮ ಊರಿನ ವಿದ್ಯುತ್ತನ್ನು ನಿಲ್ಲಿಸಿ ಇಡೀ ನಾಡಿನ ವಿದ್ಯುತ್ತನ್ನು ಉಳಿಸುವುದು ಸರಿಯೇ? ಯಾವ ಮಾರ್ಗಗಳನ್ನು ಮಾತ್ರ ನಿಲ್ಲಿಸಬಾರದು? ಆಸ್ಪತ್ರೆ, ಕುಡಿಯುವ ನೀರಿನ ಪಂಪು ಇವುಗಳನ್ನು ನೆನಪಿಟ್ಟು ತರಗತಿಯಲ್ಲಿ ಚರ್ಚಿಸಿ.